ನಾಯಿ, ಬೆಕ್ಕಿನ ಜೊತೆ ಮೋಟರ್‌ಹೋಮ್‌ನಲ್ಲಿ ದೂರ ಹೊರಟಿದ್ದೀರಾ? ತಯಾರಿ ಹೀಗಿರಲಿ

ಮೋಟರ್‌ಹೋಮ್‌ನಲ್ಲಿ (ಒಳಗೇ ವಾಸಿಸಲು ಮನೆಯಂತೆ ಕಟ್ಟಿದ ಗಾಡಿ) ದೂರ ಹೊರಡುವವರಿಗೆ ಒಂದು ದೊಡ್ಡ ಅನುಕೂಲ ಇದೆ. ನಾಯಿಯನ್ನೋ ಬೆಕ್ಕನ್ನೋ ಬೇರೆಯವರ ಮನೆಯಲ್ಲಿ ಬಿಟ್ಟು ಹೋಗಬೇಕಿಲ್ಲ. ಅಡುಗೆಮನೆ, ಹಾಸಿಗೆ, ಬಚ್ಚಲಿನ ಜೊತೆ ಅದೂ ಬರುತ್ತದೆ. ಆದರೆ ಒಂದು ವಿಷಯ ಮರೆಯುವವರೇ ಜಾಸ್ತಿ. ನಮ್ಮ ಪಾಲಿಗೆ ಅದು ಮನೆ. ಪ್ರಾಣಿಯ ಪಾಲಿಗೆ ಅದು ಗಡಗಡ ಅಲುಗಾಡುವ, ದಿನಕ್ಕೊಂದು ಹೊಸ ಜಾಗದಲ್ಲಿ ಬಾಗಿಲು ತೆರೆಯುವ ಪೆಟ್ಟಿಗೆ. ಬಿಸಿಲಿನ ಪಾಲಿಗಂತೂ ಅದು ನಿಲ್ಲಿಸಿಟ್ಟ ಇನ್ನೊಂದು ಗಾಡಿ, ಅಷ್ಟೇ.

1. ಮೊದಲು ನಿಂತ ಗಾಡಿಯಲ್ಲಿ ಅಭ್ಯಾಸ

ಹೊರಡುವ ದಿನ ಬೆಳಿಗ್ಗೆ ಬೆಕ್ಕನ್ನು ಎತ್ತಿ ಒಳಗೆ ಹಾಕಿ ಗಾಡಿ ಸ್ಟಾರ್ಟ್ ಮಾಡಬೇಡಿ. ಒಂದೆರಡು ವಾರ ಮೊದಲೇ ಶುರು ಮಾಡಿ. ಗಾಡಿ ನಿಂತಲ್ಲೇ ಇರಲಿ, ಎಂಜಿನ್ ಆಫ್ ಇರಲಿ. ಅದು ದಿನಾ ಮಲಗುವ ಹೊದಿಕೆಯನ್ನು ತೊಳೆಯದೆ ಹಾಗೇ ತಂದು ಒಳಗೆ ಹಾಸಿ. ತನ್ನ ವಾಸನೆ ಇರುವ ಕಡೆ ಅದಕ್ಕೆ ಧೈರ್ಯ. ಒಂದು ಹೊತ್ತಿನ ಊಟ ಅಲ್ಲೇ ಹಾಕಿ. ತಾನಾಗಿ ಹತ್ತಿ ಇಳಿಯಲು ಬಿಡಿ.

ಆಮೇಲೆ ಸದ್ದುಗಳ ಸರದಿ. ಗಾಡಿ ಕದಲಿಸದೆ ಎಂಜಿನ್ ಓಡಿಸಿ. ನೀರಿನ ಪಂಪ್, ಜನರೇಟರ್, ಎಸಿ, ಇವೆಲ್ಲ ಒಂದೊಂದಾಗಿ ಅಭ್ಯಾಸವಾಗಲಿ. ನಂತರ ಹತ್ತು ನಿಮಿಷದ ಒಂದು ಸುತ್ತು, ಇನ್ನೊಂದು ದಿನ ಒಂದು ಗಂಟೆ. ಕೊನೆಗೆ ಹತ್ತಿರದಲ್ಲೇ ಎಲ್ಲಾದರೂ ಒಂದು ರಾತ್ರಿ ತಂಗಿ ಬನ್ನಿ. ಈ ಒಂದು ರಾತ್ರಿಯಲ್ಲಿ ಗೊತ್ತಾಗುವಷ್ಟು ವಿಷಯ ಯಾವ ಪಟ್ಟಿ ಓದಿದರೂ ಗೊತ್ತಾಗುವುದಿಲ್ಲ.

ಜೊಲ್ಲು ಸುರಿಸುವುದು, ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು ವಾಂತಿಯ ಮುನ್ಸೂಚನೆ. ಮರಿ ನಾಯಿಗಳಲ್ಲಿ ಇದು ಜಾಸ್ತಿ, ಬೆಳೆದಂತೆ ಎಷ್ಟೋ ನಾಯಿಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಹೊರಡುವ ಮುಂಚಿನ ಕೆಲವು ಗಂಟೆ ಹೊಟ್ಟೆ ತುಂಬ ಊಟ ಬೇಡ, ನೀರು ಮಾತ್ರ ಇರಲಿ. ಹಾಗೂ ನಿಲ್ಲದಿದ್ದರೆ ಪಶುವೈದ್ಯರು ಮರೋಪಿಟೆಂಟ್ ಎಂಬ ಮಾತ್ರೆ ಬರೆದುಕೊಡಬಹುದು. ಅದನ್ನು ಹೊರಡುವ ಎರಡು ಗಂಟೆ ಮೊದಲು ಕೊಡಬೇಕು. ನಮ್ಮ ಔಷಧಿ ಡಬ್ಬಿಗೆ ಮಾತ್ರ ಕೈ ಹಾಕಬೇಡಿ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೇನ್ ನಾಯಿಗೂ ವಿಷವೇ. ಸುಮ್ನೆ ಮಲಗಿರಲಿ ಅಂತ ನಿದ್ದೆ ಮಾತ್ರೆ ಕೊಡುವುದೂ ತಪ್ಪು. ಮಂಪರಿನಲ್ಲಿರುವ ಪ್ರಾಣಿಗೆ ಸಮತೋಲನ ಸಿಗುವುದಿಲ್ಲ, ಮೈ ಬಿಸಿ ಹತೋಟಿಗೆ ಬರುವುದಿಲ್ಲ.

2. ಚಿಪ್, ಲಸಿಕೆ, ಕಾಗದ

ಕತ್ತುಪಟ್ಟಿಯ ಬಿಲ್ಲೆಯಲ್ಲಿ ಮನೆಯ ವಿಳಾಸ ಇದ್ದರೆ ಸಾಲದು, ನೀವು ಮನೆಯಲ್ಲಿ ಇರುವುದಿಲ್ಲವಲ್ಲ. ಪ್ರಯಾಣದಲ್ಲಿ ನಿಮ್ಮ ಬಳಿ ಇರುವ ಫೋನಿನ ನಂಬರ್ ಬರೆಸಿ. ಜೊತೆಗೆ ಮೈಕ್ರೋಚಿಪ್ ಹಾಕಿಸಿ. ಅಕ್ಕಿ ಕಾಳಿನಷ್ಟು ಚಿಕ್ಕ ಚಿಪ್ ಅದು, ಚರ್ಮದ ಕೆಳಗೆ ಇರುತ್ತದೆ. ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ) ಮಾದರಿಯದಾದರೆ 15 ಅಂಕಿಯ ಒಂದು ಸಂಖ್ಯೆ ಇರುತ್ತದೆ. ತುಂಬಾ ಜನ ಇದನ್ನು ಜಿಪಿಎಸ್ ಅಂದುಕೊಂಡಿದ್ದಾರೆ, ಅಲ್ಲ. ಅದರಲ್ಲಿ ಬ್ಯಾಟರಿಯೇ ಇಲ್ಲ. ಸ್ಕ್ಯಾನರ್ ಹಿಡಿದಾಗ ಸಂಖ್ಯೆ ತೋರಿಸುತ್ತದೆ, ಆ ಸಂಖ್ಯೆಯ ಎದುರು ನಿಮ್ಮ ಈಗಿನ ಫೋನ್ ನಂಬರ್ ನೋಂದಣಿಯಾಗಿದ್ದರೆ ಮಾತ್ರ ಪ್ರಯೋಜನ.

ದೇಶದ ಗಡಿ ದಾಟುವುದಿದ್ದರೆ ತಿಂಗಳುಗಳ ಮೊದಲೇ ನಿಯಮ ನೋಡಿಕೊಳ್ಳಿ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ. ಈ ಕ್ರಮ ಉಲ್ಟಾ ಆದರೆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಲಸಿಕೆಯಾದ ಮೇಲೆ 21 ದಿನ ಕಾಯಬೇಕು. ಬ್ರಿಟನ್, ಐರ್ಲೆಂಡ್, ನಾರ್ವೆ, ಫಿನ್‌ಲೆಂಡ್, ಮಾಲ್ಟಾಗೆ ಹೋಗುವ ನಾಯಿಗೆ ಲಾಡಿಹುಳದ ಔಷಧಿಯನ್ನು ಪ್ರವೇಶಕ್ಕೆ 24ರಿಂದ 120 ಗಂಟೆ ಮೊದಲು ಪಶುವೈದ್ಯರೇ ಕೊಟ್ಟು ಬರೆದಿರಬೇಕು. ಅಮೆರಿಕ 2024ರ ಆಗಸ್ಟ್ 1ರಿಂದ ಆರು ತಿಂಗಳು ತುಂಬದ ನಾಯಿಯನ್ನು ಒಳಗೆ ಬಿಡುವುದಿಲ್ಲ, ಚಿಪ್ ಕೂಡ ಕಡ್ಡಾಯ. ಒಂದೇ ದೇಶದ ಒಳಗೆ ಓಡಾಡಿದರೂ ರೇಬೀಸ್ ಪ್ರಮಾಣಪತ್ರ ಕೈಗೆಟಕುವಂತೆ ಇರಲಿ. ಗಾಡಿ ನಿಲ್ಲಿಸಿ ತಂಗಲು ಜಾಗ ಕೊಡುವ ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳು ಕೇಳುತ್ತವೆ.

ಹೋಗುವ ದಾರಿಯನ್ನು ಪಶುವೈದ್ಯರಿಗೆ ತೋರಿಸಿ. ನೀವಿರುವ ಕಡೆ ಇಲ್ಲದ ರೋಗ ಅಲ್ಲಿರಬಹುದು. ಉಣ್ಣೆ ಹುಳುವಿನಿಂದ ಬರುವ ಲೈಮ್ ರೋಗ, ಸೊಳ್ಳೆಯಿಂದ ಬರುವ ಹೃದಯದ ಹುಳು ಹಾರ್ಟ್‌ವರ್ಮ್, ನಿಂತ ನೀರಿನಿಂದ ಬರುವ ಇಲಿಜ್ವರ, ಇವುಗಳ ಬಗ್ಗೆ ಕೇಳಿಕೊಳ್ಳಿ.

3. ಮೊಣಕಾಲೂರಿ ಗಾಡಿಯನ್ನು ನೋಡಿ

ನೆಲಕ್ಕೆ ಬಗ್ಗಿ, ಪ್ರಾಣಿಯ ಎತ್ತರದಿಂದ ಒಮ್ಮೆ ಇಡೀ ಗಾಡಿ ನೋಡಿ. ಡ್ಯಾಶ್‌ಬೋರ್ಡ್ ಕೆಳಗಿನ ಸಂದು, ಹಾಸಿಗೆ ಅಡಿಯ ಪೈಪಿನ ರಂಧ್ರ, ಸಿಂಕ್ ಕೆಳಗಿನ ಕಪಾಟು ಕಾಣುತ್ತವೆ. ಹೆದರಿದ ಬೆಕ್ಕು ಇವುಗಳಲ್ಲಿ ಎಲ್ಲಿ ಬೇಕಾದರೂ ನುಸುಳುತ್ತದೆ. ಎಲ್ಲ ಮುಚ್ಚಿ.

ಇವೆಲ್ಲಕ್ಕಿಂತ ಅಪಾಯದ್ದು ಸ್ಲೈಡ್-ಔಟ್. ಗುಂಡಿ ಒತ್ತಿದರೆ ಗೋಡೆ ಸಮೇತ ಹೊರಗೆ ಚಾಚಿ ಒಳಗೆ ಸೇರುವ ಆ ಭಾಗದ ಅಡಿಯಲ್ಲಿ ಬೆಚ್ಚಗಿನ ಕತ್ತಲು ಜಾಗ ಇರುತ್ತದೆ, ಬೆಕ್ಕಿಗೆ ಅದು ಬಲು ಇಷ್ಟ. ಮೋಟರಿಗೆ ನಡುವೆ ಏನಿದೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಪ್ರಾಣಿ ತನ್ನ ಕ್ಯಾರಿಯರ್ (ಒಯ್ಯುವ ಪೆಟ್ಟಿಗೆ) ಒಳಗಿದೆ ಅಂತ ಕಣ್ಣಾರೆ ನೋಡದೆ ಆ ಗುಂಡಿ ಮುಟ್ಟಲೇಬಾರದು. ‘ಅಲ್ಲೇ ಎಲ್ಲೋ ಮಲಗಿರಬೇಕು’ ಅನ್ನುವುದು ನೋಡಿದಂತಲ್ಲ.

ಸೊಳ್ಳೆ ಜಾಲರಿ ಬಾಗಿಲಲ್ಲ. ಬೆಕ್ಕಿನ ಉಗುರಿಗೆ ಅದು ಹರಿಯುತ್ತದೆ, ದೊಡ್ಡ ನಾಯಿ ತಳ್ಳಿದರೆ ಕಿತ್ತೇ ಬರುತ್ತದೆ. ಕೆಳಭಾಗಕ್ಕೆ ಗಟ್ಟಿ ಜಾಲರಿ ಹಾಕಿಸಿ. ಒಲೆಯ ಕಟ್ಟೆಗೆ ಮುಂಗಾಲಿಟ್ಟ ನಾಯಿ ಗ್ಯಾಸ್ ಗುಬ್ಬಿ ತಿರುಗಿಸಬಲ್ಲದು, ಆದ್ದರಿಂದ ಹೊರಗೆ ಹೋಗುವಾಗ ಸಿಲಿಂಡರ್ ವಾಲ್ವ್ ಬಂದ್ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ, ಗ್ಯಾಸ್ ಸೋರಿಕೆ ಅಲಾರಂ ಎರಡನ್ನೂ ಒತ್ತಿ ಪರೀಕ್ಷಿಸಿ. ಗಿಳಿಯಂಥ ಹಕ್ಕಿ ಜೊತೆಗಿದ್ದರೆ ನಾನ್‌ಸ್ಟಿಕ್ ಬಾಣಲೆ ಬೇಡವೇ ಬೇಡ. ಅದು ಅತಿಯಾಗಿ ಕಾದಾಗ ಬರುವ ಹೊಗೆಯಿಂದ ಹಕ್ಕಿಗಳು ನಿಮಿಷಗಳಲ್ಲಿ ಸಾಯುತ್ತವೆ. ಅಷ್ಟು ಚಿಕ್ಕ ಜಾಗದಲ್ಲಿ ಹೊಗೆಗೆ ಹೋಗಲು ದಾರಿಯೂ ಇಲ್ಲ.

ಇನ್ನೊಂದು ಮಾತು, ಚಳಿ ದೇಶಗಳಲ್ಲಿ ಓಡಾಡುವವರಿಗೆ. ನೀರಿನ ಪೈಪು ಹೆಪ್ಪುಗಟ್ಟದಂತೆ ಹಾಕುವ ಗುಲಾಬಿ ದ್ರವದಲ್ಲಿ ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ, ಅದರ ಅಪಾಯ ಕಡಿಮೆ. ಎಂಜಿನ್‌ಗೆ ಹಾಕುವ ಕೂಲಂಟ್‌ನಲ್ಲಿ ಇರುವುದು ಹೆಚ್ಚಾಗಿ ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ. ಸ್ವಲ್ಪ ನೆಕ್ಕಿದರೂ ಮೂತ್ರಪಿಂಡ ಕೆಡುತ್ತದೆ. ಗಾಡಿ ಕೆಳಗೆ ತೊಟ್ಟಿಕ್ಕಿದ್ದರೆ ಮೊದಲು ಅದನ್ನು ಒರೆಸಿ, ಆಮೇಲೆ ನಾಯಿಯನ್ನು ಇಳಿಸಿ.

ಬೆಕ್ಕಿನ ಶೌಚಕ್ಕೆ ಮರಳಿನಂಥ ಲಿಟರ್ ತುಂಬಿದ ಪೆಟ್ಟಿಗೆ (ಲಿಟರ್ ಬಾಕ್ಸ್) ಇಡಲು ಶವರ್ ಜಾಗ ಸರಿಯಾಗಿರುತ್ತದೆ, ಗುಡಿಸುವುದು ಸುಲಭ. ಆದರೆ ಲಿಟರನ್ನು ಟಾಯ್ಲೆಟ್‌ಗೆ ಸುರಿಯಬೇಡಿ. ಟ್ಯಾಂಕಿನಲ್ಲಿ ಅದು ಗಟ್ಟಿಯಾಗಿ ಕೂತರೆ ತೆಗೆಯುವ ಕೆಲಸ ಶತ್ರುವಿಗೂ ಬೇಡ.

4. ಗಾಡಿ ಓಡುವಾಗ ಓಡಾಟ ಇಲ್ಲ

ಸೋಫಾ ಇದೆ, ಹಾಸಿಗೆ ಇದೆ, ಹಾಯಾಗಿ ಮಲಗಿರಲಿ ಅನ್ನಿಸುವುದು ಸಹಜ. ಒಮ್ಮೆ ಜೋರಾಗಿ ಬ್ರೇಕ್ ಹಾಕಿ ನೋಡಿ, ಕಪಾಟಿನ ಪಾತ್ರೆಗಳೇ ಹಾರಿ ಬರುತ್ತವೆ. ಕಟ್ಟದ ನಾಯಿಯೂ ಹಾಗೇ ಮುಂದಕ್ಕೆ ಹಾರುತ್ತದೆ, ಅದು ನಿಮ್ಮ ತಲೆಗೂ ಬಡಿಯಬಹುದು. ಸೀಟ್‌ಬೆಲ್ಟ್‌ಗೆ ಸಿಕ್ಕಿಸುವ, ಡಿಕ್ಕಿ ಪರೀಕ್ಷೆ ಪಾಸಾದ ಹಾರ್ನೆಸ್ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ಕೊಳ್ಳಿ. ಇಲ್ಲವೇ ನೆಲದ ಕೊಂಡಿಗಳಿಗೆ ಬಿಗಿದ ಕ್ರೇಟ್ (ಗಟ್ಟಿ ಪಂಜರ) ಇರಲಿ. ಬೆಲ್ಟನ್ನು ಕತ್ತುಪಟ್ಟಿಗೆ ಸಿಕ್ಕಿಸಬಾರದು, ಕುತ್ತಿಗೆಗೆ ಕುತ್ತು. ಏರ್‌ಬ್ಯಾಗ್ ಇರುವ ಮುಂದಿನ ಸೀಟು ಬೇಡ. ಡ್ರೈವರ್ ತೊಡೆಯಂತೂ ಬೇಡವೇ ಬೇಡ. ಬೆಕ್ಕಿಗೆ ಗಟ್ಟಿ ಕ್ಯಾರಿಯರ್, ಮೇಲೊಂದು ತೆಳು ಬಟ್ಟೆ. ಹೊರಗಿನದು ಕಾಣದಿದ್ದರೆ ಅದು ಬೇಗ ಸುಮ್ಮನಾಗುತ್ತದೆ.

5. ದಿನಕ್ಕೆ ಎಷ್ಟು ದೂರ?

ಮೋಟರ್‌ಹೋಮ್‌ನವರಲ್ಲಿ ಮೂರರ ಲೆಕ್ಕ ಒಂದಿದೆ. ದಿನಕ್ಕೆ 300 ಮೈಲಿ, ಅಂದರೆ ಸುಮಾರು 480 ಕಿ.ಮೀ. ಮೀರಬಾರದು. ಮಧ್ಯಾಹ್ನ ಮೂರರೊಳಗೆ ತಂಗುವ ಜಾಗ ಸೇರಬೇಕು. ಅಲ್ಲಿ ಮೂರು ರಾತ್ರಿ ಇರಬೇಕು. ಪ್ರಾಣಿ ಜೊತೆಗಿದ್ದರೆ ದೂರದ ಅಂಕಿಯನ್ನು ಅರ್ಧ ಮಾಡಿ ಅನ್ನುತ್ತೇನೆ ನಾನು. ಉಳಿದೆರಡು ಹಾಗೇ ಇರಲಿ. ಬೆಳಕಿದ್ದಾಗ ತಲುಪಿದರೆ ನಾಯಿ ಸುತ್ತಲಿನ ಜಾಗ ಮೂಸಿ ನೋಡಿಕೊಳ್ಳುತ್ತದೆ, ರಾತ್ರಿ ಎಲ್ಲ ಸದ್ದಿಗೂ ಬೊಗಳುವುದಿಲ್ಲ. ಎರಡು-ಮೂರು ಗಂಟೆಗೊಮ್ಮೆ ನಿಲ್ಲಿಸಿ. ಬಾಗಿಲು ತೆರೆಯುವ ಮೊದಲೇ ಲೀಶ್ ಹಾಕಿ, ತೆರೆದ ಮೇಲಲ್ಲ.

ಊಟದ ಬ್ರ್ಯಾಂಡ್, ಊಟದ ಹೊತ್ತು ಬದಲಿಸಬೇಡಿ. ನೀರು ಬದಲಾದರೂ ಕೆಲವು ನಾಯಿಗಳಿಗೆ ಭೇದಿಯಾಗುತ್ತದೆ. ಮನೆಯಿಂದ ಒಯ್ದ ನೀರಿಗೆ ಹೊಸ ನೀರನ್ನು ದಿನದಿನಕ್ಕೆ ಹೆಚ್ಚೆಚ್ಚು ಬೆರೆಸುತ್ತಾ ಹೋಗಿ. ನಾಯಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 50–60 ಮಿ.ಲೀ. ನೀರು ಬೇಕು. ಸೆಕೆಯಲ್ಲಿ ಇನ್ನೂ ಜಾಸ್ತಿ.

6. ಬಿಸಿಲು: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ತಾಪ ಅಳೆದರು. ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಹೊರಗೆ ಹಿತವಾದ 22 ಡಿಗ್ರಿ ಇದ್ದ ದಿನವೂ ಒಳಗೆ ಕಾದಿತ್ತು. ಕಿಟಕಿಯನ್ನು ಒಂದಿಷ್ಟು ಇಳಿಸಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಮೋಟರ್‌ಹೋಮ್ ದೊಡ್ಡದು, ಗೋಡೆಗೆ ಹೊದಿಕೆಯೂ ಇರುತ್ತದೆ, ಹಾಗಾಗಿ ನಿಧಾನವಾಗಿ ಕಾಯುತ್ತದೆ. ಆದರೆ ಕಾಯುವುದಂತೂ ಖಂಡಿತ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗಾಗಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ಉಪಾಯವೂ ಕೆಲಸ ಮಾಡುವುದಿಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವುಗಳ ಪಾಡು ಇನ್ನೂ ಕಷ್ಟ.

‘ಎಸಿ ಹಾಕಿ ಹೋಗಿದ್ದೇವಲ್ಲ’ ಅನ್ನಬಹುದು. ಆ ಎಸಿ ನಿಂತಿರುವುದು ಕ್ಯಾಂಪ್‌ಗ್ರೌಂಡ್‌ನ ಒಂದು ಕೇಬಲ್ ಮೇಲೆ. ಸೆಕೆಯ ದಿನ ಎಲ್ಲರ ಎಸಿಯೂ ಒಟ್ಟಿಗೆ ಓಡುತ್ತದೆ, ವೋಲ್ಟೇಜ್ ಇಳಿಯುತ್ತದೆ, ಬ್ರೇಕರ್ ಬೀಳುತ್ತದೆ. ಅಂದರೆ ವಿದ್ಯುತ್ ಕೈಕೊಡುವುದು ಅದು ಅತಿ ಹೆಚ್ಚು ಬೇಕಾದ ದಿನವೇ. ನೀವು ಆಗ ಎಲ್ಲೋ ಗುಡ್ಡ ಹತ್ತುತ್ತಿರುತ್ತೀರಿ.

ಮಾಡಬೇಕಾದ್ದು ಇಷ್ಟು. ಸಿಮ್ ಇರುವ ತಾಪಮಾನ ಮಾನಿಟರ್ ಒಂದನ್ನು ಒಳಗಿಡಿ. ನೀವು ಗೊತ್ತುಮಾಡಿದ ಡಿಗ್ರಿ ದಾಟಿದರೂ, ವಿದ್ಯುತ್ ಹೋದರೂ ಅದು ಫೋನಿಗೆ ಸಂದೇಶ ಕಳಿಸುತ್ತದೆ. ಕ್ಯಾಂಪ್‌ಗ್ರೌಂಡ್ ವೈಫೈ ನಂಬಿಕೊಂಡ ಮಾನಿಟರ್ ಬೇಡ, ವಿದ್ಯುತ್ ಹೋದರೆ ವೈಫೈ ಕೂಡ ಹೋಗುತ್ತದೆ. ನಿಮ್ಮ ಫೋನಿಗೆ ಸಿಗ್ನಲ್ ಇಲ್ಲದ ಕಡೆ ಹೋಗುವುದಾದರೆ ಯಾವ ಮಾನಿಟರೂ ಪ್ರಯೋಜನವಿಲ್ಲ, ಆಗ ನಾಯಿ ನಿಮ್ಮ ಜೊತೆಗೇ ಬರಲಿ. ವಿದ್ಯುತ್ ಹೋದಾಗ ತಾನಾಗಿ ಶುರುವಾಗುವ ಜನರೇಟರ್ ಇದ್ದರೆ ಒಳ್ಳೆಯದು, ಆದರೆ ಅದರ ಹೊಗೆ ಕಿಟಕಿಯಿಂದ ಒಳಗೆ ಬಾರದಂತೆ ನೋಡಿಕೊಳ್ಳಿ. ಕಿಟಕಿಗಳಿಗೆ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬೆಳ್ಳಿ ಬಣ್ಣದ ಹಾಳೆ ಹಾಕಿ. ಬಾಗಿಲಿಗೆ ‘ಒಳಗೆ ನಾಯಿ ಇದೆ’ ಅಂತ ಫೋನ್ ನಂಬರ್ ಸಮೇತ ಚೀಟಿ ಅಂಟಿಸಿ. ಪಕ್ಕದ ಗಾಡಿಯವರಿಗೂ ಒಂದು ಮಾತು ಹೇಳಿ. ಎಷ್ಟೇ ವ್ಯವಸ್ಥೆ ಇದ್ದರೂ ನಡು ಬೇಸಿಗೆಯಲ್ಲಿ ಅರ್ಧ ಗಂಟೆಯೊಳಗೆ ವಾಪಸು ಬರಲಾಗದಷ್ಟು ದೂರ ಹೋಗದಿರುವುದೇ ವಾಸಿ.

ನಾಯಿಯ ಮೈ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಇರುತ್ತದೆ. 41 ದಾಟಿದರೆ ಪ್ರಾಣಕ್ಕೇ ಅಪಾಯ. ನಿಲ್ಲದ ಏದುಸಿರು, ಕಡುಗೆಂಪು ಒಸಡು, ಅಂಟಂಟು ಜೊಲ್ಲು, ತೂರಾಟ ಕಂಡರೆ ಆಸ್ಪತ್ರೆಗೆ ಹೊರಡುವ ಮೊದಲೇ ತಂಪು ಮಾಡಲು ಶುರು ಮಾಡಿ. ಮೈಮೇಲೆ ತಣ್ಣೀರು ಸುರಿಯುತ್ತಾ ಇರಿ, ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಬಲವಂತವಾಗಿ ನೀರು ಕುಡಿಸಬೇಡಿ. ಆಮೇಲೆ ತಕ್ಷಣ ವೈದ್ಯರ ಬಳಿಗೆ. ಚೇತರಿಸಿಕೊಂಡಂತೆ ಕಂಡರೂ ತೋರಿಸಲೇಬೇಕು, ಒಳಗಿನ ಅಂಗಾಂಗಕ್ಕೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು.

ಟಾರು ರಸ್ತೆಯ ಮೇಲೆ ಅಂಗೈ ಹಿಂಭಾಗ ಏಳು ಸೆಕೆಂಡ್ ಇಡಿ. ನಿಮ್ಮಿಂದ ಆಗದಿದ್ದರೆ ಅದರ ಪಾದಕ್ಕೂ ಆಗದು.

7. ತಂಗಿದ ಮೇಲೆ

ಜಾಗ ಕಾದಿರಿಸುವಾಗಲೇ ಕೇಳಿ: ಎಷ್ಟು ಪ್ರಾಣಿ ಬಿಡುತ್ತೀರಿ, ತಳಿಯ ನಿರ್ಬಂಧ ಇದೆಯಾ, ಒಳಗೆ ಬಿಟ್ಟು ಹೋಗಬಹುದಾ? ಲೀಶ್ ಆರು ಅಡಿ ಮೀರಬಾರದು ಅನ್ನುವುದು ತುಂಬಾ ಕಡೆ ಇರುವ ನಿಯಮ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲೂ ಅಷ್ಟೇ, ಅಲ್ಲಿನ ಎಷ್ಟೋ ಕಾಲುದಾರಿಗಳಿಗೆ ನಾಯಿಗೆ ಪ್ರವೇಶವೇ ಇಲ್ಲ. ಹೊರಗೆ ಕಟ್ಟಿಹಾಕಿ ಹೋಗಬೇಡಿ. ಹಸಿರು ಬಣ್ಣದ ಪಾಚಿ ತೇಲುವ ಕೆರೆಯ ನೀರನ್ನು ಕುಡಿಯಲು ಬಿಡಬೇಡಿ, ಕೆಲವು ಬಗೆಯದು ಗಂಟೆಗಳಲ್ಲೇ ಕೊಲ್ಲುತ್ತದೆ. ಪ್ರತಿ ಸಂಜೆ ಕಿವಿ, ಕತ್ತುಪಟ್ಟಿಯ ಅಡಿ, ಬೆರಳ ಸಂದು, ತೊಡೆಸಂದಿನಲ್ಲಿ ಉಣ್ಣೆ ಹುಳು ಹುಡುಕಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸುಡುವುದು, ಎಣ್ಣೆ ಸವರುವುದು ಬೇಡ.

8. ಕಳೆದುಹೋದರೆ

ಗಾಡಿಯನ್ನು ಇದ್ದಲ್ಲಿಂದ ಕದಲಿಸಬೇಡಿ. ಪ್ರಾಣಿ ವಾಸನೆ ಹಿಡಿದು ಹಿಂತಿರುಗುವುದು ಅಲ್ಲಿಗೇ. ಬಾಗಿಲ ಬಳಿ ಅದರ ಹೊದಿಕೆ, ನಿಮ್ಮದೊಂದು ತೊಳೆಯದ ಬಟ್ಟೆ ಇಡಿ. ಬೆಕ್ಕಾದರೆ ಬಹುಮಟ್ಟಿಗೆ ದೂರ ಹೋಗಿರುವುದಿಲ್ಲ. ಅಕ್ಕಪಕ್ಕದ ಗಾಡಿಗಳ ಕೆಳಗೆ, ಪೊದೆಯೊಳಗೆ ಟಾರ್ಚ್ ಬಿಟ್ಟು ನೋಡಿ, ಕತ್ತಲಲ್ಲಿ ಕಣ್ಣು ಹೊಳೆಯುತ್ತದೆ. ನಾಯಿ ಕಂಡರೆ ಅದರ ಹಿಂದೆ ಓಡಬೇಡಿ, ಇನ್ನೂ ದೂರ ಓಡುತ್ತದೆ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು ಮೆಲ್ಲಗೆ ಕರೆಯಿರಿ. ಚಿಪ್ ನೋಂದಣಿ ಮಾಡಿಸಿದ ಕಡೆ ಕಳೆದಿದೆ ಎಂದು ದಾಖಲಿಸಿ, ಹತ್ತಿರದ ಪಶು ಆಸ್ಪತ್ರೆ ಮತ್ತು ಪ್ರಾಣಿ ಆಶ್ರಯ ಕೇಂದ್ರಗಳಿಗೆ ಫೋನ್ ಮಾಡಿ. ಇದಕ್ಕಾಗಿ ಎರಡು ಫೋಟೊ ಫೋನಿನಲ್ಲಿ ಮೊದಲೇ ಇರಲಿ: ಒಂದು ಮುಖದ್ದು, ಇನ್ನೊಂದು ಮೈ ಬಣ್ಣ, ಮಚ್ಚೆ ಪೂರ್ತಿ ಕಾಣುವಂತೆ ಪಕ್ಕದಿಂದ ತೆಗೆದದ್ದು.