ಬೇಲೂರಿನ ನೆಂಟರು: ಎರಡು ದಿನದ ರಜೆಗೆ ನಾನು ಊರು ಆರಿಸುವ ಬಗೆ

ಶನಿವಾರ-ಭಾನುವಾರಕ್ಕೆ ಎಲ್ಲಿಗೆ ಹೋಗೋದು ಅಂತ ಹುಡುಕಿದರೆ ‘ಯಾರಿಗೂ ಗೊತ್ತಿಲ್ಲದ ಹತ್ತು ಜಾಗಗಳು’ ಅನ್ನುವ ಪಟ್ಟಿಗಳು ಸಾಲುಗಟ್ಟಿ ಬರುತ್ತವೆ. ಆ ಯಾರಿಗೂ ಗೊತ್ತಿಲ್ಲದ ಜಾಗಕ್ಕೆ ಹೋದರೆ ಗಾಡಿ ನಿಲ್ಲಿಸೋಕೂ ಜಾಗ ಇರುವುದಿಲ್ಲ. ಹಾಗಾಗಿ ನಾನು ಪಟ್ಟಿ ನೋಡುವುದನ್ನು ಬಿಟ್ಟಿದ್ದೇನೆ. ಹೆಸರಾದ ಒಂದು ಊರನ್ನು ಹಿಡಿದು, ಅದರ ನೆಂಟರು ಯಾರು ಅಂತ ಹುಡುಕುತ್ತೇನೆ. ಅದೇ ಕಾಲ, ಅದೇ ಕಲ್ಲು, ಕೆಲವು ಸಲ ಅದೇ ಶಿಲ್ಪಿಯ ಕೈ. ಆದರೆ ಜನ ಮಾತ್ರ ಇರುವುದಿಲ್ಲ.

ಹೊಯ್ಸಳರ ಗುಡಿಗಳಿಗೆ ಈ ದಾರಿ ಬಹಳ ಚೆನ್ನಾಗಿ ಹೊಂದುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಈ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಬಹಳ ಸಂತೋಷ. ಆದರೆ ಹೊಯ್ಸಳರು ಕಟ್ಟಿಸಿದ್ದು ಬರೀ ಮೂರಲ್ಲ. ಹಾಸನ, ಮಂಡ್ಯ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಹಳ್ಳಿಗಳಲ್ಲಿ ಅವರ ಕಾಲದ ಗುಡಿಗಳಿವೆ. ಬೇಲೂರಿನಲ್ಲಿ ಸಾಲಿನಲ್ಲಿ ನಿಂತು, ಮುಂದಿನವರ ತಲೆ ತಪ್ಪಿಸಿ ಮದನಿಕೆಯ ಫೋಟೋ ತೆಗೆಯುವ ಹೊತ್ತಿನಲ್ಲಿ ಮೊಸಳೆ ಅನ್ನುವ ಹಳ್ಳಿಯಲ್ಲಿ ಎರಡು ಗುಡಿಗಳನ್ನು ಕೂತು ನೋಡಬಹುದು.

ನೆಂಟಸ್ತಿಕೆ ಹುಡುಕುವುದು ಹೇಗೆ? ನನಗೆ ಸುಲಭವಾಗಿ ಸಿಕ್ಕ ದಾರ ಶಿಲ್ಪಿಗಳ ಹೆಸರು. ಹೊಯ್ಸಳ ಶಿಲ್ಪಿಗಳು ತಾವು ಕೆತ್ತಿದ ಮೂರ್ತಿಗಳ ಕೆಳಗೆ ಹೆಸರು ಬರೆದುಕೊಳ್ಳುತ್ತಿದ್ದರು. 1258ರ ಸೋಮನಾಥಪುರದಲ್ಲಿ ಮಲ್ಲಿತಮ್ಮ ಅನ್ನುವ ಹೆಸರು ಎಷ್ಟೋ ಕಡೆ ಕಾಣುತ್ತದೆ. ಅದೇ ಹೆಸರು ಚನ್ನರಾಯಪಟ್ಟಣದ ಹತ್ತಿರದ ನುಗ್ಗೇಹಳ್ಳಿಯಲ್ಲಿದೆ, ಆ ಗುಡಿ 1246ರದ್ದು. ತರೀಕೆರೆ ಹತ್ತಿರದ ಅಮೃತಾಪುರದಲ್ಲೂ ಇದೆ, ಅದು 1196ರದ್ದು. ಮೊದಲನೆಯದಕ್ಕೂ ಕೊನೆಯದಕ್ಕೂ 62 ವರ್ಷದ ಅಂತರ! ಒಬ್ಬನೇ ಮನುಷ್ಯ ಅಷ್ಟು ವರ್ಷ ಉಳಿ ಹಿಡಿದಿದ್ದನಾ ಅಂತ ತಲೆಯಲ್ಲಿ ಹುಳ ಬಿಟ್ಟುಕೊಂಡು ಹೊರಟರೆ ಗುಡಿ ನೋಡುವ ಕಣ್ಣೇ ಬೇರೆಯಾಗುತ್ತದೆ. ಸೋಮನಾಥಪುರ ನೋಡಿ ಇಷ್ಟಪಟ್ಟವರಿಗೆ ನಾನು ಮೊದಲು ಹೇಳುವುದು ನುಗ್ಗೇಹಳ್ಳಿಯನ್ನೇ.

ಒಂದು ಮಾತು ಸ್ಪಷ್ಟ ಇರಬೇಕು. ಜನ ಹೋಗದಿರುವುದೇ ಒಂದು ಊರಿನ ಗುಣ ಅಲ್ಲ. ಕೆಲವು ಜಾಗಗಳಿಗೆ ಜನ ಹೋಗದಿರುವುದಕ್ಕೆ ಸರಿಯಾದ ಕಾರಣವೇ ಇರುತ್ತದೆ. ದಾರಿ ಕೆಟ್ಟಿರುತ್ತದೆ, ಅಥವಾ ನೋಡಲು ಅಂಥದ್ದೇನೂ ಉಳಿದಿರುವುದಿಲ್ಲ. ಅಂಥದ್ದಕ್ಕೆ ವಾರವಿಡೀ ಕಾದ ರಜೆ ಸುರಿಯುವುದು ನನಗೆ ಆಗದ ಮಾತು. ದೊಡ್ಡ ಹೆಸರಿನ ನೆರಳಲ್ಲಿ ಸಿಕ್ಕಿಕೊಂಡು ಮರೆಯಾದ ಜಾಗ ನನಗೆ ಬೇಕು. ಹಳೇಬೀಡಿನೊಳಗೇ ಇದಕ್ಕೆ ಉದಾಹರಣೆ ಇದೆ. ಹೊಯ್ಸಳೇಶ್ವರ ಗುಡಿ ನೋಡಿದ ಬಸ್ಸುಗಳು ಹಾಗೇ ತಿರುಗಿ ಹೊರಡುತ್ತವೆ. ನಡೆದೇ ಹೋಗಬಹುದಾದ ದೂರದಲ್ಲಿ ಬಸದಿಗಳಿವೆ. ಅಲ್ಲಿನ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಇನ್ನೊಂದಿಷ್ಟು ಮುಂದೆ ಕೇದಾರೇಶ್ವರ ಗುಡಿ ಇದೆ. ಹತ್ತಿರದ ಹುಲಿಕೆರೆಯಲ್ಲಿ ಚಿಕ್ಕ ಚಿಕ್ಕ ಗುಡಿಗಳನ್ನು ಸುತ್ತ ಕಟ್ಟಿದ ಕಲ್ಯಾಣಿ ಇದೆ. ಹಳೇಬೀಡಿಗೆ ಹೋಗಿಬಂದವರನ್ನು ಕೇಳಿ ನೋಡಿ, ಹೆಚ್ಚಿನವರು ಈ ಮೂರನ್ನೂ ನೋಡಿರುವುದಿಲ್ಲ.

ಊರು ಆರಿಸಿದ ಮೇಲೆ ನಕ್ಷೆ ತೆಗೆಯುತ್ತೇನೆ. ಇಲ್ಲಿ ನನ್ನ ನಿಯಮ ಸ್ವಲ್ಪ ಬಿಗಿ. ರಾತ್ರಿ ಉಳಿಯುವ ಊರು ಒಂದೇ ಇರಬೇಕು. ಅಲ್ಲಿಂದ ಪ್ರತಿ ಜಾಗವೂ ಹೆಚ್ಚೆಂದರೆ ಮುಕ್ಕಾಲು ಗಂಟೆ. ಎರಡು ದಿನದಲ್ಲಿ ಎರಡು ಕಡೆ ರೂಮು ಮಾಡಿದರೆ ಬ್ಯಾಗು ಕಟ್ಟಿ ಬಿಚ್ಚುವುದರಲ್ಲೇ ಅರ್ಧ ದಿನ ಹೋಗುತ್ತದೆ. ಹಾಸನ ಇದಕ್ಕೆ ಹೇಳಿ ಮಾಡಿಸಿದ ಊರು. ರೂಮು, ಊಟ, ಬಸ್ಸು, ಆಟೋ ಎಲ್ಲಾ ಇದೆ. 2017ರಿಂದ ಬೆಂಗಳೂರಿನಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ನೇರ ರೈಲು ಮಾರ್ಗವೂ ಇದೆ. ಸುತ್ತ ಮೊಸಳೆ, ಕೋರವಂಗಲ, ದೊಡ್ಡಗದ್ದವಳ್ಳಿ. ಮೂರೂ ಹತ್ತಿರ. ಇನ್ನೊಂದು ಆಯ್ಕೆ ಅರಸೀಕೆರೆ. ರೈಲ್ವೆ ಜಂಕ್ಷನ್ ಆದ್ದರಿಂದ ಹುಬ್ಬಳ್ಳಿ ಕಡೆಯಿಂದ ಬರುವವರಿಗೂ ಅನುಕೂಲ. ಊರಲ್ಲೇ 1220ರ ಈಶ್ವರ ಗುಡಿ ಇದೆ, ಮುಂದೆ ನಕ್ಷತ್ರದ ಆಕಾರದ ತೆರೆದ ಮಂಟಪ. ಜಂಕ್ಷನ್‌ನಲ್ಲಿ ರೈಲು ಬದಲಿಸಿದ ಎಷ್ಟೋ ಜನರಿಗೆ ಇದರ ಸುದ್ದಿಯೇ ಗೊತ್ತಿಲ್ಲ. ಹತ್ತಿರದ ಹಾರನಹಳ್ಳಿಯಲ್ಲಿ ಚೆನ್ನಕೇಶವ, ಸೋಮೇಶ್ವರ ಅಂತ ಎರಡು ಗುಡಿಗಳಿವೆ.

ಈ ಎಲ್ಲದರಲ್ಲಿ ಒಂದೇ ಒಂದು ನೋಡಿ ಅಂದರೆ ನಾನು ದೊಡ್ಡಗದ್ದವಳ್ಳಿ ಅನ್ನುತ್ತೇನೆ. ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಕೆರೆಯ ಪಕ್ಕದಲ್ಲಿದೆ. ಬೇಲೂರಿಗೆ ಓಡುವ ಅಷ್ಟೂ ಗಾಡಿಗಳು ಈ ತಿರುವನ್ನು ದಾಟಿಯೇ ಹೋಗುತ್ತವೆ. ಲಕ್ಷ್ಮೀದೇವಿ ಗುಡಿ ಕಟ್ಟಿದ್ದು 1113ರ ಸುಮಾರಿಗೆ, ಅಂದರೆ 1117ರ ಬೇಲೂರಿಗಿಂತ ಮೊದಲು. ಕಟ್ಟಿಸಿದ್ದು ರಾಜನಲ್ಲ, ವ್ಯಾಪಾರಿಯೊಬ್ಬ ಮತ್ತು ಅವನ ಹೆಂಡತಿ. ಹೊಯ್ಸಳರ ಗುಡಿಗಳಲ್ಲಿ ಒಂದು ಅಥವಾ ಮೂರು ಗರ್ಭಗುಡಿ ಸಾಮಾನ್ಯ. ಇದು ಚತುಷ್ಕೂಟ, ನಾಲ್ಕು ಗರ್ಭಗುಡಿ. ಲಕ್ಷ್ಮಿ, ಕಾಳಿ, ಭೈರವ, ಶಿವ, ಎಲ್ಲರೂ ಒಂದೇ ಸೂರಿನಡಿ. ಕಾಳಿಯ ಬಾಗಿಲ ಎರಡೂ ಬದಿಗೆ ಮೂಳೆ ಚಕ್ಕಳದ ಬೇತಾಳಗಳು ನಿಂತಿವೆ. ಮಕ್ಕಳಿದ್ದರೆ ಆ ಬೇತಾಳಗಳನ್ನು ಬಿಟ್ಟು ಕದಲುವುದಿಲ್ಲ, ಅದು ಬೇರೆ ಮಾತು. ಬೇಲೂರಿನ ಕುಸುರಿ ಇಲ್ಲಿಲ್ಲ, ಗೋಡೆಗಳು ಹೆಚ್ಚೂಕಡಿಮೆ ಖಾಲಿ. ಅದನ್ನೇ ನೋಡಬೇಕು. ಹೊಯ್ಸಳ ಕೆಲಸ ಇಲ್ಲಿಂದ ಶುರುವಾಗಿ ಸ್ವಲ್ಪ ವರ್ಷಗಳಲ್ಲೇ ಎಲ್ಲಿಗೆ ಮುಟ್ಟಿತು ಅನ್ನುವುದು ಅದೇ ದಿನ ಮಧ್ಯಾಹ್ನ ಬೇಲೂರಿಗೆ ಹೋದರೆ ಕಣ್ಣಿಗೆ ಕಾಣುತ್ತದೆ. ಹೌದು, ಬೇಲೂರನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ.

ಮೊಸಳೆಯ ಸ್ವಾರಸ್ಯ ಬೇರೆ. ನಾಗೇಶ್ವರ, ಚೆನ್ನಕೇಶವ ಎರಡು ಗುಡಿಗಳು ಪಕ್ಕಪಕ್ಕ, ಅವಳಿಗಳಂತೆ. ಒಂದು ಶಿವನದು, ಒಂದು ವಿಷ್ಣುವಿನದು. ಎರಡರಲ್ಲಿ ವ್ಯತ್ಯಾಸ ಹುಡುಕುತ್ತಾ ಒಂದು ಬೆಳಗು ಕಳೆಯಬಹುದು. ಒಳಗೆ ಹೋದರೆ ತಲೆ ಎತ್ತಿ ಭುವನೇಶ್ವರಿ, ಅಂದರೆ ಕೆತ್ತನೆ ಮಾಡಿದ ಒಳಛಾವಣಿ, ನೋಡುವುದನ್ನು ಮರೆಯಬೇಡಿ, ಮೇಲ್ಛಾವಣಿಯ ಕೆತ್ತನೆಯಲ್ಲಿ ಈ ಗುಡಿಗಳು ಯಾರಿಗೂ ಕಡಿಮೆಯಿಲ್ಲ. ಒಳಗೆ ಕತ್ತಲೆ, ಒಳ್ಳೆಯ ಟಾರ್ಚ್ ಇಟ್ಟುಕೊಳ್ಳಿ. ಮೊಬೈಲಿನ ಬೆಳಕು ಅಷ್ಟು ಎತ್ತರಕ್ಕೆ ಸಾಲುವುದಿಲ್ಲ.

ಇನ್ನು ಇಂಥ ಊರುಗಳಿಗೆ ಹೋಗುವವರ ನಿಜವಾದ ತಲೆನೋವು: ಬೀಗ. ಹೆಸರಾದ ಜಾಗದಲ್ಲಿ ಟಿಕೆಟ್ ಕೌಂಟರು, ಸಮಯದ ಬೋರ್ಡು ಇರುತ್ತದೆ. ಹಳ್ಳಿಯಲ್ಲಿ ಹಾಗಲ್ಲ. ಪೂಜೆ ನಡೆಯುವ ಗುಡಿಯಾದರೆ ಅರ್ಚಕರು ಬೆಳಿಗ್ಗೆ ಬಂದು ಪೂಜೆ ಮುಗಿಸಿ ಬಾಗಿಲು ಹಾಕಿಕೊಂಡು ಹೋಗಿರುತ್ತಾರೆ. ಆದ್ದರಿಂದ ಪೂಜೆ ಇರುವ ಗುಡಿಗಳನ್ನು ನಾನು ಬೆಳಿಗ್ಗೆಗೆ ಇಟ್ಟುಕೊಳ್ಳುತ್ತೇನೆ. ಪುರಾತತ್ವ ಇಲಾಖೆಯ ನೀಲಿ ಬೋರ್ಡು ಇರುವ, ಕಾವಲಿನವರು ಹಗಲೆಲ್ಲಾ ಇರುವ ಗುಡಿಗಳು ಮಧ್ಯಾಹ್ನಕ್ಕೆ. ಬೀಗ ಹಾಕಿದ್ದರೂ ಬೇಜಾರು ಬೇಡ. ಹತ್ತಿರದ ಅಂಗಡಿಯಲ್ಲಿ ‘ಅಣ್ಣಾ, ಗುಡಿ ಬೀಗ ಯಾರತ್ರ ಇರುತ್ತೆ?’ ಅಂತ ಕೇಳಿದರೆ ಸಾಕು, ಹುಡುಗನೊಬ್ಬ ಸೈಕಲ್ ಹತ್ತಿ ಕರೆತರಲು ಹೊರಟಿರುತ್ತಾನೆ. ಬಂದವರು ಬೀಗದ ಜೊತೆಗೆ ಕಥೆಯನ್ನೂ ತರುತ್ತಾರೆ. ಬೆಳವಾಡಿಯವರು ತಮ್ಮೂರೇ ಏಕಚಕ್ರನಗರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅನ್ನುತ್ತಾರೆ. ಹಳೇಬೀಡಿನಿಂದ ಹತ್ತು-ಹನ್ನೆರಡು ಕಿಲೋಮೀಟರು ದೂರದ ಆ ಊರಿನ ವೀರನಾರಾಯಣ ಗುಡಿ ತ್ರಿಕೂಟ. ಕಡೆದ ಕಂಬಗಳ ದೊಡ್ಡ ಮಂಟಪ, ಆಚೆ ತುದಿಯಲ್ಲಿ ವೀರನಾರಾಯಣ, ಈಚೆ ಬದಿಗಳಲ್ಲಿ ಎದುರುಬದುರಾಗಿ ವೇಣುಗೋಪಾಲ ಮತ್ತು ಯೋಗನರಸಿಂಹ.

ಬಸ್ಸಿನಲ್ಲಿ ಹೋಗುವವರು ಕೊನೆಯ ಬಸ್ಸಿನ ಸಮಯವನ್ನು ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಮೂರು-ನಾಲ್ಕು ಹಳ್ಳಿ ಸುತ್ತುವುದಿದ್ದರೆ ಹಾಸನದಲ್ಲೇ ಅರ್ಧ ದಿನಕ್ಕೆ ಆಟೋ ಮಾತಾಡುವುದು ವಾಸಿ. ಬೇಸಿಗೆಯಲ್ಲಿ ಬರಿಗಾಲಿಗೆ ಜಗಲಿಯ ಕಲ್ಲು ಸುಡುತ್ತದೆ, ಹಾಗಾಗಿ ಒಂದು ಜೊತೆ ಕಾಲುಚೀಲ. ಮಳೆ ಮುಗಿದ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಸಾಲು ರಜೆ ಬಂದಾಗ ಮಾತ್ರ ನಾನು ಮನೆಯಲ್ಲೇ ಇರುತ್ತೇನೆ. ಗುಡಿ ಖಾಲಿ ಇದ್ದರೂ ಹೆದ್ದಾರಿ ಖಾಲಿ ಇರುವುದಿಲ್ಲ ಅಲ್ವಾ?

ದಿನಕ್ಕೆ ಎಷ್ಟು ಗುಡಿ? ಮೂರು ಸಾಕು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಎಲ್ಲಾ ಒಂದೇ ಥರ ಕಾಣಲು ಶುರುವಾಗುತ್ತದೆ, ಅದು ಗುಡಿಯ ತಪ್ಪಲ್ಲ.

ಹಾಸನದ ಸುತ್ತು ಮುಗಿಸಿದವರು ಮಂಡ್ಯ ಜಿಲ್ಲೆಯ ಕಡೆ ತಿರುಗಬಹುದು. ಚನ್ನರಾಯಪಟ್ಟಣದಲ್ಲಿ ಉಳಿದುಕೊಂಡು ಮೊದಲ ದಿನ ನುಗ್ಗೇಹಳ್ಳಿ. ಮರುದಿನ ಕೆ.ಆರ್. ಪೇಟೆ ರಸ್ತೆ ಹಿಡಿಯಿರಿ. ಕಿಕ್ಕೇರಿಯಲ್ಲಿ 1171ರ ಬ್ರಹ್ಮೇಶ್ವರ ಗುಡಿ, ಹತ್ತಿರದ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಸಾಲಾಗಿ ನಿಂತ ಪಂಚಲಿಂಗೇಶ್ವರ, ಕೊನೆಗೆ ಕೆ.ಆರ್. ಪೇಟೆಗೆ ಅಂಟಿಕೊಂಡಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ. ಹೊಸಹೊಳಲನ್ನು ಕೊನೆಗೇ ಇಟ್ಟುಕೊಳ್ಳಿ. ಅಲ್ಲಿ ಗೋಡೆಯ ಕೆಳಗಿನ ಪಟ್ಟಿಗಳಲ್ಲಿ ಆನೆ, ಕುದುರೆ, ರಾಮಾಯಣದ ಕಥೆ ಎಲ್ಲಾ ಇದೆ. ಸುಮ್ನೆ ಒಂದು ಸುತ್ತು ಹಾಕುವುದಕ್ಕೇ ಒಂದು ಗಂಟೆಗಿಂತ ಜಾಸ್ತಿ ಬೇಕು.