ಅಕಿಲಿಸ್ ನೋವು, ಮತ್ತೆ ಓಟ: ನನ್ನ ಅನುಭವ

ಹಿಮ್ಮಡಿಯಿಂದ ಮೂರ್ನಾಲ್ಕು ಬೆರಳು ಮೇಲೆ, ಕಾಲಿನ ಹಿಂದೆ ಹಗ್ಗದ ಹಾಗೆ ಕೈಗೆ ಸಿಗುತ್ತದಲ್ಲ, ಅದೇ ಅಕಿಲಿಸ್ ಟೆಂಡನ್, ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಜೋಡಿಸುವ ನಾರು. ನನ್ನ ಬಲಗಾಲಿನದು ಕೈಕೊಟ್ಟಿತ್ತು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವಾಗ ಕುಂಟುತ್ತಿದ್ದೆ. ಸ್ವಲ್ಪ ಓಡಾಡಿದರೆ ಬಿಗಿತ ಸಡಿಲವಾಗುತ್ತಿತ್ತು. ಓಡುವಾಗಲೂ ಅಷ್ಟೇ, ಮೊದಲ ಕಿಲೋಮೀಟರ್ ನೋವು, ಆಮೇಲೆ ಮಾಯ. ಆದರೆ ಅದನ್ನು ನಂಬುವ ಹಾಗಿಲ್ಲ. ಮೈ ಬೆಚ್ಚಗಿದ್ದಾಗ ಸುಮ್ಮನಿರುವ ಟೆಂಡನ್, ಮರುದಿನ ಬೆಳಿಗ್ಗೆ ನಿಜ ಹೇಳುತ್ತದೆ.

ಅಮ್ಮ ಎಳ್ಳೆಣ್ಣೆ ತಿಕ್ಕು ಎಂದರು. ಜೊತೆಗೆ ಓಡುವವರು ಒಂದು ತಿಂಗಳು ಪೂರ್ತಿ ರೆಸ್ಟ್ ಎಂದರು. ಜಯನಗರದ ಫಿಸಿಯೋ ಮಾತ್ರ ಬೇರೆ ಮಾತು ಹೇಳಿದರು: "ರೆಸ್ಟ್ ತಗೊಂಡ್ರೆ ನೋವು ಕಮ್ಮಿ ಆಗತ್ತೆ ಸಾರ್, ಶಕ್ತಿ ಬರಲ್ಲ. ಓಡಕ್ಕೆ ಹೋದ್ ತಕ್ಷಣ ವಾಪಸ್ ಬರತ್ತೆ." ಟೆಂಡನ್‌ಗೆ ಭಾರ ಬೇಕು. ಆದರೆ ಅದು ತಡೆಯುವಷ್ಟೇ ಬೇಕು. ನನ್ನ ಪ್ಲಾನ್ ಪೂರ್ತಿ ನಿಂತಿದ್ದು ಈ ಒಂದು ಮಾತಿನ ಮೇಲೆ.

ಮನೆಯ ಮೆಟ್ಟಿಲೇ ಜಿಮ್ ಆಯಿತು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಲ್ಲಬೇಕು. ಎರಡೂ ಕಾಲಿನ ಬಲದಲ್ಲಿ ಹಿಮ್ಮಡಿ ಎತ್ತಿ, ಒಳ್ಳೆಯ ಕಾಲನ್ನು ತೆಗೆದು, ನೋವಿರುವ ಕಾಲೊಂದರ ಮೇಲೆಯೇ ನಿಧಾನವಾಗಿ ಕೆಳಗೆ ಇಳಿಸಬೇಕು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸುತ್ತು, ಮಂಡಿ ಸ್ವಲ್ಪ ಬಗ್ಗಿಸಿ ಮತ್ತೆ ಮೂರು ಸುತ್ತು. ದಿನಕ್ಕೆ ಎರಡು ಸಲ, 12 ವಾರ. ಮಂಡಿ ಬಗ್ಗಿಸಿದಾಗ ಮೀನಖಂಡದ ಒಳಗಿನ ಸೋಲಿಯಸ್ ಎಂಬ ಸ್ನಾಯುವಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಓಟದಲ್ಲಿ ದುಡಿಯುವುದು ಹೆಚ್ಚಾಗಿ ಅದೇ. ಸ್ವೀಡನ್ನಿನ ಆಲ್ಫ್ರೆಡ್‌ಸನ್ ಎಂಬ ವೈದ್ಯರು 1998ರಲ್ಲಿ ಪ್ರಕಟಿಸಿದ ಕ್ರಮ ಇದು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಸುಲಭವಾಯಿತು ಅನ್ನಿಸಿದಾಗ ಬ್ಯಾಗಿಗೆ ಅಕ್ಕಿ ಚೀಲ ತುಂಬಿ ಬೆನ್ನಿಗೇರಿಸಿದೆ. ಮೇಲಿನ ಮನೆಯ ಆಂಟಿ ದಿನಾ ನೋಡಿಕೊಂಡು ಹೋಗುತ್ತಿದ್ದರು, ಏನೂ ಕೇಳಲಿಲ್ಲ.

ಒಂದು ಎಚ್ಚರಿಕೆ. ಟೆಂಡನ್ ಹಿಮ್ಮಡಿ ಮೂಳೆಗೆ ಅಂಟಿಕೊಂಡ ಜಾಗದಲ್ಲೇ ನೋವಿದ್ದರೆ ಹಿಮ್ಮಡಿಯನ್ನು ಮೆಟ್ಟಿಲಿನಿಂದ ಕೆಳಗೆ ಇಳಿಸಬಾರದು, ಸಮ ನೆಲದ ಮೇಲೆಯೇ ಮಾಡಬೇಕು. ಇನ್ನು, 'ಟಪ್' ಅಂತ ಸದ್ದಾಗಿ ತುದಿಗಾಲಲ್ಲಿ ನಿಲ್ಲೋಕೇ ಆಗದಿದ್ದರೆ ವ್ಯಾಯಾಮದ ಮಾತೇ ಬೇಡ, ಟೆಂಡನ್ ಹರಿದಿರಬಹುದು. ಅವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಬೇಕು.

ದಮ್ಮು ಬಿದ್ದುಹೋಗದಿರಲಿ ಅಂತ ಸೈಕಲ್ ಮತ್ತು ಈಜು ಇಟ್ಟುಕೊಂಡೆ. ಮನೆಯೊಳಗೂ ಚಪ್ಪಲಿ. ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ಓಡಾಡುವುದಕ್ಕಿಂತ, ಹಿಮ್ಮಡಿ ತುಸು ಎತ್ತರವಿದ್ದರೆ ಟೆಂಡನ್‌ಗೆ ಆರಾಮ.

ಓಟಕ್ಕೆ ಮರಳುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಲಿಲ್ಲ. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದರಲ್ಲಿ ಬಲಗಾಲು ಎಡಗಾಲಿಗೆ ಸಮವಾಗಬೇಕು, ಕುಂಟೆಬಿಲ್ಲೆ ಆಡುವ ಹಾಗೆ ನೆಗೆದರೂ ನೋಯಬಾರದು. ಇವೆರಡು ಆದ ಮೇಲೆ ಕಬ್ಬನ್ ಪಾರ್ಕಿಗೆ ಹೋದೆ. ಲಾಲ್‌ಬಾಗ್ ನನಗೆ ಹತ್ತಿರ, ಆದರೆ ಅಲ್ಲಿಗೆ ಹೋದರೆ ಬಂಡೆ ಹತ್ತದೆ ಬರೋಕೆ ನನ್ನ ಕೈಲಿ ಆಗುವುದಿಲ್ಲ, ಏರು ಹತ್ತುವಾಗ ಅಕಿಲಿಸ್ ಜಾಸ್ತಿ ಎಳೆಯುತ್ತದೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟರೆ ನೋವು ಮೂರು ದಾಟಬಾರದು. ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಬಿಗಿತ ಎಂದಿನಷ್ಟೇ ಇದ್ದರೆ ಮುಂದಿನ ಸಲ ಓಟಕ್ಕೆ ಒಂದು ನಿಮಿಷ ಸೇರಿಸುವುದು, ಜಾಸ್ತಿ ಇದ್ದರೆ ಹಿಂದಿನ ಹಂತಕ್ಕೆ ಇಳಿಯುವುದು. ಎರಡು ಸಲ ಹಾಗೆ ಇಳಿದೆ. ಬೇಜಾರಾಯಿತು, ಆದರೆ ಪ್ಲಾನಿನಲ್ಲೇ ಅದಕ್ಕೆ ಜಾಗ ಇತ್ತಲ್ವಾ.

ಏಪ್ರಿಲ್‌ನ ಟಿಸಿಎಸ್ 10ಕೆ, ಅಂದರೆ ಬೆಂಗಳೂರಿನ ಹತ್ತು ಕಿಲೋಮೀಟರ್ ರೇಸ್, ಬಿಟ್ಟೆ. ರೇಸಿನ ದಿನ ನೋಡಿಕೊಂಡು ಕಾಲಿಗೆ ಗಡುವು ಕೊಡುವುದು ನನಗೆ ಸರಿ ಕಾಣಲಿಲ್ಲ. ಮೊದಲು ದೂರ ಹೆಚ್ಚಿಸಿದೆ, ಅದು ಒಗ್ಗಿದ ಮೇಲೆ ವೇಗ. ಏರು ಕೊನೆಗೆ. ಈಗ ವಾರಕ್ಕೆ ಮೂರು ಓಟ, ಅಕ್ಕಿ ಚೀಲದ ಜೊತೆ ಮೂರು ದಿನ ಮೆಟ್ಟಿಲು. ನಂದಿ ಬೆಟ್ಟದ ಏರಿಗೆ ಇನ್ನೂ ಟೈಮ್ ಇದೆ.