ಹೊಸ ಡಾಂಬರು ಬಿದ್ದ ಟ್ರ್ಯಾಕ್‌ಗೆ ಬೈಕ್ ಟೈರು ಹೊಂದಿಸೋದು ಹೇಗೆ

ಮೈಸೂರು, ಮಂಡ್ಯದಿಂದ ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕ್‌ನಲ್ಲಿ ತಮ್ಮದೇ ಬೈಕ್ ಓಡಿಸುವ ದಿನಕ್ಕೆ, ಹೋಗುವ ಹುಡುಗರ ಹತ್ತಿರ ಒಂದು ಲೆಕ್ಕ ಇದ್ದೇ ಇರುತ್ತದೆ. ಕೊಯಮತ್ತೂರಿನ ಟ್ರ್ಯಾಕ್‌ಗೆ ಮುಂದಿನ ಟೈರಿಗೆ ಇಷ್ಟು ಗಾಳಿ, ಹಿಂದಿನದಕ್ಕೆ ಇಷ್ಟು, ಚೆನ್ನೈಗೆ ಇಷ್ಟು ಅಂತ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಒಳ್ಳೆ ಅಭ್ಯಾಸ. ಆದರೆ ಟ್ರ್ಯಾಕ್‌ಗೆ ಹೊಸ ಡಾಂಬರು ಹಾಕಿದ್ದಾರೆ ಅಂತ ಗೊತ್ತಾದ ದಿನ ಆ ಲೆಕ್ಕ ಪಕ್ಕಕ್ಕಿಡಿ. ತಿರುವುಗಳು ಅವೇ, ಬೈಕ್ ಅದೇ, ಟೈರಿಗೆ ಮಾತ್ರ ಅದು ಬೇರೆ ಟ್ರ್ಯಾಕ್.

ಹೊಸ ಡಾಂಬರು ಅಂದರೆ ಗ್ರಿಪ್ ಜಾಸ್ತಿ ಅಂತ ಕೆಲವರು, ಜಾರುತ್ತೆ ಅಂತ ಇನ್ನು ಕೆಲವರು. ಎರಡೂ ನಿಜ. ಟೈರು ಹಿಡಿಯೋದು ಜಲ್ಲಿಯ ಒರಟು ಮೈಯನ್ನು. ಹಾಕಿದ ಹೊಸದರಲ್ಲಿ ಪ್ರತಿ ಜಲ್ಲಿಯ ಮೇಲೂ ಡಾಂಬರಿನ ತೆಳು ಪದರ ಇರುತ್ತದೆ, ಎಣ್ಣೆ ಜಿಡ್ಡೂ ಇರುತ್ತದೆ, ಆಗ ಜಾರುತ್ತದೆ. ಬಿಸಿಲು, ಗಾಡಿಗಳ ಓಡಾಟದಿಂದ ಆ ಪದರ ಸವೆದ ಮೇಲೆ ಜಲ್ಲಿಯ ಹರಿತವಾದ ಅಂಚು ಹೊರಗೆ ಬರುತ್ತದೆ. ಆಗ ಅದೇ ಟ್ರ್ಯಾಕ್ ತುರಿಮಣೆ ಥರ ರಬ್ಬರನ್ನು ತುರಿಯುತ್ತದೆ. ಜೊತೆಗೆ ಕಪ್ಪು ಮೈ ಬಿಸಿಲನ್ನು ಬೂದು ಬಣ್ಣಕ್ಕೆ ತಿರುಗಿದ ಹಳೇ ಟ್ರ್ಯಾಕ್‌ಗಿಂತ ಜಾಸ್ತಿ ಹೀರುತ್ತದೆ.

ಎರಡಕ್ಕೂ ದೊಡ್ಡ ಉದಾಹರಣೆಗಳಿವೆ. 2020ರಲ್ಲಿ ಇಸ್ತಾಂಬುಲ್‌ನ ಟ್ರ್ಯಾಕ್‌ಗೆ ರೇಸಿನ ಕೆಲವೇ ವಾರ ಮುಂಚೆ ಡಾಂಬರು ಹಾಕಿದರು. ಫಾರ್ಮುಲಾ ಒನ್ ಕಾರುಗಳು ಶುಕ್ರವಾರದ ಒಣ ಟ್ರ್ಯಾಕ್‌ನಲ್ಲೇ ಹಿಡಿತ ಸಿಗದೆ ಜಾರಿದವು. ಅದಕ್ಕೆ ಉಲ್ಟಾ ಆಗಿದ್ದು ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್‌ನಲ್ಲಿ, 2013ರ ಮೋಟೋಜಿಪಿ ಬೈಕ್ ರೇಸಿನಲ್ಲಿ. ಅಲ್ಲಿನ ಹೊಸ ಡಾಂಬರಿನಲ್ಲಿ ಗ್ರಿಪ್ ಎಷ್ಟಿತ್ತು ಅಂದರೆ ಹಿಂದಿನ ಟೈರುಗಳು ಅತಿಯಾಗಿ ಬಿಸಿಯಾಗಿ ಗುಳ್ಳೆ ಬಂದವು. 27 ಲ್ಯಾಪಿನ ರೇಸನ್ನು 19ಕ್ಕೆ ಇಳಿಸಿದರು, ಯಾವ ಟೈರೂ 10 ಲ್ಯಾಪಿಗಿಂತ ಜಾಸ್ತಿ ಓಡಬಾರದು, ನಡುವೆ ಬೈಕ್ ಬದಲಾಯಿಸಲೇಬೇಕು ಅಂದರು. ರೇಸರ್ ಮಾರ್ಕ್ ಮಾರ್ಕೆಜ್ ಬೈಕ್ ಬದಲಾಯಿಸೋಕೆ ಒಂದು ಲ್ಯಾಪ್ ತಡವಾಗಿ ಒಳಗೆ ಬಂದಿದ್ದಕ್ಕೆ ಕಪ್ಪು ಬಾವುಟ ಬಿತ್ತು, ಅಂದರೆ ರೇಸಿನಿಂದಲೇ ಹೊರಗೆ. ಅಷ್ಟು ಇಂಜಿನಿಯರ್‌ಗಳಿದ್ದ ಕಡೆಯೇ ಅಂದಾಜು ತಪ್ಪುತ್ತದೆ ಅಂದಮೇಲೆ ನಾವು ಊಹೆಯ ಮೇಲೆ ಹೋಗೋದು ಸರಿಯಲ್ಲ, ಅಲ್ವಾ?

ಹಾಗಾಗಿ ಮೊದಲ ಕೆಲಸ, ನಡೆದು ನೋಡೋದು. ಆಯೋಜಕರನ್ನು ಕೇಳಿ ಬೆಳಗ್ಗೆ ಬೇಗ ಒಂದು ಸುತ್ತು ನಡೆಯಿರಿ. ಬಗ್ಗಿ ಅಂಗೈ ಇಟ್ಟು ಉಜ್ಜಿ. ಜಲ್ಲಿಯೆಲ್ಲ ಕಪ್ಪಗೆ ಹೊಳೆಯುತ್ತಾ ಕೈಗೆ ನುಣುಪು ಅನ್ನಿಸಿದರೆ ಪದರ ಇನ್ನೂ ಹೋಗಿಲ್ಲ. ಕಲ್ಲಿನ ತಲೆ ಬೂದು ಬಣ್ಣದಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತಾ ಚರ್ಮಕ್ಕೆ ಚುಚ್ಚಿದರೆ ಅದು ಟೈರು ತಿನ್ನುವ ಹಂತಕ್ಕೆ ಬಂದಿದೆ ಅಂತ ಅರ್ಥ. ಸಾಮಾನ್ಯವಾಗಿ ಗಾಡಿಗಳು ಓಡುವ ಲೈನ್ ಮೇಲೆ ಕಲ್ಲು ಬಿಟ್ಟುಕೊಂಡಿರುತ್ತದೆ, ಒಂದೆರಡು ಮೀಟರ್ ಪಕ್ಕಕ್ಕೆ ಹೋದರೆ ಇನ್ನೂ ಕಪ್ಪು ಪದರವೇ ಇರುತ್ತದೆ. ಓವರ್‌ಟೇಕ್ ಮಾಡೋಕೆ ಅಂತ ಲೈನ್ ಬಿಟ್ಟು ಹೋಗಿ ಅಲ್ಲಿ ಬ್ರೇಕ್ ಹಿಡಿದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ. ಹಳೇ ಡಾಂಬರು, ಹೊಸ ಡಾಂಬರು ಸೇರುವ ಜಾಗ ಎಲ್ಲಿದೆ ಅಂತಲೂ ನೋಡಿ. ಆ ಗೆರೆ ತಿರುವಿನ ನಡುವೆ ಬಿದ್ದಿದ್ದರೆ ಬೈಕ್ ವಾಲಿದ್ದಾಗಲೇ ಗ್ರಿಪ್ ಬದಲಾಗುತ್ತದೆ.

ಹೊಚ್ಚ ಹೊಸ ಟೈರನ್ನು ಹೊಸ ಡಾಂಬರಿಗೆ ಒಯ್ಯಬೇಡಿ. ಹೊಸ ಟೈರಿನ ನುಣುಪು ಹೋಗಿರೋದಿಲ್ಲ, ರಸ್ತೆಯ ನುಣುಪೂ ಹೋಗಿರೋದಿಲ್ಲ. ಆಗಲೇ ಸ್ವಲ್ಪ ಓಡಿರುವ, ಆದರೆ ರಬ್ಬರ್ ಚೆನ್ನಾಗಿ ಉಳಿದಿರುವ ಟೈರು ಒಳ್ಳೆಯದು. ಹೊಸದೇ ಹಾಕಬೇಕಾಗಿ ಬಂದರೆ ಊರಲ್ಲೇ ಒಂದೆರಡು ದಿನ ನಿಧಾನವಾಗಿ ಓಡಿಸಿ. ಅಂಚಿನ ಭಾಗ ಟ್ರ್ಯಾಕ್‌ನಲ್ಲೇ, ಮೊದಲ ಸೆಷನ್‌ನಲ್ಲಿ (ಓಡಿಸೋಕೆ ಸಿಗುವ ಒಂದು ಸರದಿ), ಲ್ಯಾಪಿಂದ ಲ್ಯಾಪಿಗೆ ಸ್ವಲ್ಪ ಸ್ವಲ್ಪವೇ ವಾಲಿಸುತ್ತಾ ತಯಾರಾಗಲಿ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಅಂಚು ಸವೆಸೋಕೆ ಹೋಗಬೇಡಿ, ಅಲ್ಲಿ ಜನ ನಡೆಯುತ್ತಾರೆ.

ಸಾಫ್ಟ್ ಹಾಕೋದಾ, ಹಾರ್ಡ್ ಹಾಕೋದಾ? ಕಲ್ಲು ಬಿಟ್ಟುಕೊಂಡ ಹೊಸ ಟ್ರ್ಯಾಕ್ ಆದರೆ ನೀವು ಯಾವಾಗಲೂ ಹಾಕೋದಕ್ಕಿಂತ ಒಂದು ಹಂತ ಗಟ್ಟಿ ಕಾಂಪೌಂಡ್, ಅಂದರೆ ಗಟ್ಟಿ ರಬ್ಬರ್ ಮಿಶ್ರಣ. ಗ್ರಿಪ್ ರಸ್ತೆಯೇ ಕೊಡುತ್ತಿರುವಾಗ ಮೆತ್ತನೆ ರಬ್ಬರ್ ಸುಮ್ನೆ ಕರಗಿ ಹೋಗುತ್ತದೆ. ಪದರ ಇನ್ನೂ ಇದ್ದರೆ ಮೆತ್ತನೆಯದೇ ಇರಲಿ.

ಈಗ ಗಾಳಿಗೆ ಬರೋಣ. ಜಾಸ್ತಿ ಜನ ಎಡವೋದು ಇಲ್ಲೇ.

ಮೈಸೂರಲ್ಲಿ ಗಾಳಿ ಹಿಡಿಸಿಕೊಂಡು ಹೊರಟು ಅದೇ ಅಳತೆಯಲ್ಲಿ ಟ್ರ್ಯಾಕ್‌ಗೆ ಇಳಿಯೋರು ಇದ್ದಾರೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಗೇಜು ತೋರಿಸೋದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಅದಕ್ಕೇ ಇಲ್ಲಿ 30 ಪಿಎಸ್‌ಐ (ಟೈರಿನ ಗಾಳಿ ಒತ್ತಡದ ಅಳತೆ) ತೋರಿಸಿದ ಟೈರು ಚೆನ್ನೈ ಮಟ್ಟಕ್ಕೆ ಇಳಿದಾಗ, ಉಷ್ಣತೆ ಬದಲಾಗದಿದ್ದರೆ, 29ಕ್ಕಿಂತ ಒಂದು ಚೂರು ಕಮ್ಮಿ ತೋರಿಸುತ್ತದೆ. ಇನ್ನೊಂದು ಕಡೆ ಬಿಸಿಲು ಅದನ್ನು ಮೇಲೆ ಎಳೆಯುತ್ತದೆ. ಟೈರು 6-7 ಡಿಗ್ರಿ ಬಿಸಿಯಾದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಹೀಗಾಗಿ ಊರಿನ ಅಳತೆಗೆ ಅಲ್ಲಿ ಬೆಲೆ ಇಲ್ಲ. ಟ್ರ್ಯಾಕ್‌ನಲ್ಲಿ, ನೆರಳಿನಲ್ಲಿ, ಟೈರು ತಣ್ಣಗಿರುವಾಗ, ನಿಮ್ಮದೇ ಗೇಜಿನಲ್ಲಿ ನೋಡಿ. ಬೇರೆಯವರ ಗೇಜ್ ಎಷ್ಟೇ ದುಬಾರಿಯದಾದರೂ ಬೇಡ. ಇಡೀ ದಿನ ಒಂದೇ ಗೇಜ್ ಇರಬೇಕು.

ಅಳೆಯಬೇಕಾದ್ದು ಎರಡು ಸಲ. ಹೊರಡುವ ಮುಂಚೆ ತಣ್ಣಗಿನ ಪ್ರೆಶರ್, ಪಿಟ್‌ಗೆ (ಟ್ರ್ಯಾಕ್ ಪಕ್ಕ ಬೈಕ್ ನಿಲ್ಲಿಸುವ ಜಾಗ) ಬಂದ ಒಂದು ನಿಮಿಷದೊಳಗೆ ಬಿಸಿ ಪ್ರೆಶರ್. ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ನೀರು ಕುಡಿದು ಆಮೇಲೆ ನೋಡಿದರೆ ಆ ನಂಬರು ಕೆಲಸಕ್ಕೆ ಬರಲ್ಲ. ಸ್ನೇಹಿತರೊಬ್ಬರು ಗೇಜ್ ಹಿಡಿದು ಕಾಯುತ್ತಾ ಇರಲಿ. ಮುಂದಿನ ಟೈರು ತಣ್ಣಗಿನ ಅಳತೆಗಿಂತ ನೂರಕ್ಕೆ 10ರಷ್ಟು, ಹಿಂದಿನದು ನೂರಕ್ಕೆ 20ರಷ್ಟು ಏರಬೇಕು ಅನ್ನೋದು ಹಳೇ ಕೈಲೆಕ್ಕ. ಹಿಂದೆ 30 ಇಟ್ಟಿದ್ದರೆ ಬಿಸಿಯಾದಾಗ 36ರ ಆಸುಪಾಸು. ರಸ್ತೆ ಟೈರಿಗೆ ಶುರು ಮಾಡೋಕೆ ಇದು ಸಾಕು. ರೇಸ್ ಟೈರಾದರೆ ಕಂಪನಿಯವರು ಹೇಳಿದ ಬಿಸಿ ಪ್ರೆಶರ್ರೇ ಕೊನೆ ಮಾತು.

ಹೊಸ ಡಾಂಬರಿನಲ್ಲಿ ಏನಾಗುತ್ತೆ ನೋಡಿ. ಹಿಂದಿನ ಟೈರು 36ರ ಬದಲು 39 ತೋರಿಸುತ್ತದೆ. ಎಲ್ಲರೂ ತಕ್ಷಣ ವಾಲ್ವ್ ಒತ್ತಿ ಮೂರು ಪಿಎಸ್‌ಐ ಬಿಟ್ಟುಬಿಡುತ್ತಾರೆ. ಸ್ವಲ್ಪ ತಡೆಯಿರಿ. ಟೈರು ಬಿಸಿಯಾಗೋಕೆ ಎರಡು ಕಾರಣ ಇರುತ್ತದೆ. ಒಂದು, ರಸ್ತೆಯ ಬಿಸಿ ಮತ್ತು ಉಜ್ಜಾಟ. ಇನ್ನೊಂದು, ಗಾಳಿ ಕಮ್ಮಿಯಿದ್ದು ಟೈರು ಒಳಗೊಳಗೇ ಬಾಗಿ ಬಾಗಿ ಬಿಸಿಯಾಗೋದು. ಎರಡನೆಯದಿದ್ದಾಗ ಗಾಳಿ ಬಿಟ್ಟರೆ ಇನ್ನೂ ಜಾಸ್ತಿ ಬಾಗುತ್ತದೆ, ಇನ್ನೂ ಬಿಸಿಯಾಗುತ್ತದೆ. ಹೇಗೆ ಗೊತ್ತು ಮಾಡಿಕೊಳ್ಳೋದು? ಒಂದೇ ಒಂದು ಪಿಎಸ್‌ಐ ಬಿಡಿ, ಬಿಟ್ಟಿದ್ದನ್ನು ಬರೆದುಕೊಳ್ಳಿ, ಅದೇ ವೇಗದಲ್ಲಿ ಇನ್ನೊಂದು ಸೆಷನ್ ಓಡಿಸಿ. ಬಿಸಿ ಪ್ರೆಶರ್ ಸುಮಾರು ಅಷ್ಟೇ ಕೆಳಗೆ ಬಂದು ರಬ್ಬರ್ ಮೈ ಚೆನ್ನಾಗಿ ಕಂಡರೆ ಸರಿಯಾದ ದಾರಿಯಲ್ಲಿದ್ದೀರಿ. ಬಿಸಿ ಪ್ರೆಶರ್ ಇಳಿಯದೆ ಅಲ್ಲೇ ನಿಂತರೆ, ಬೈಕು ತಿರುವಿನಲ್ಲಿ ಅಂಟು ಅಂಟಾಗಿ ಓಲಾಡಿದರೆ, ಬಿಟ್ಟ ಗಾಳಿ ವಾಪಸ್ ಹಾಕಿ, ಇನ್ನೊಂದು ಪಿಎಸ್‌ಐ ಮೇಲೂ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಗಾಳಿಯಿಂದ ಸರಿಹೋಗುವ ವಿಷಯ ಅಲ್ಲ, ಕಾಂಪೌಂಡ್ ಬದಲಾಯಿಸಬೇಕು ಅಥವಾ ಸೆಷನ್‌ಗೆ ಲ್ಯಾಪ್ ಕಮ್ಮಿ ಮಾಡಬೇಕು.

ರಬ್ಬರ್ ಓದೋದನ್ನು ಕಲಿಯಿರಿ, ಇದಕ್ಕೆ ಕಾಸು ಬೇಕಿಲ್ಲ. ಸರಿಯಾಗಿ ಕೆಲಸ ಮಾಡಿದ ಟೈರಿನ ಮೈ ಮಂಕಾಗಿ, ಸಣ್ಣ ಮರಳು ಕಾಗದದ ಹಾಗೆ ಒಂದೇ ಸಮ ಇರುತ್ತದೆ. ಅಂಚಿನಲ್ಲಿ ಆಳವಾಗಿ ಹರಿದು, ರಬ್ಬರ್ ಪದರ ಎದ್ದು ನಿಂತಿದ್ದರೆ ಟೈರು ಬಿಸಿಯಾಗದೆ ಹರಿದಿದೆ. ಗಾಳಿ ಜಾಸ್ತಿ ಇರಬಹುದು, ಕಾಂಪೌಂಡ್ ತೀರಾ ಗಟ್ಟಿ ಇರಬಹುದು, ಅಥವಾ ನೀವು ಮೊದಲ ಲ್ಯಾಪಿನಲ್ಲೇ ಜೋರಾಗಿ ಹೋಗಿರಬಹುದು. ರಬ್ಬರ್ ಮೇಲುಮೇಲೆ ಮಾತ್ರ ಹರಿದಿದ್ದು, ಮೈ ಅಂಟಂಟಾಗಿ ನೀಲಿ ಹೊಳಪು ಬಂದಿದ್ದರೆ ಅತಿ ಬಿಸಿ. ಗುಳ್ಳೆ ಕಂಡರೆ ಆ ಟೈರಿನ ಆ ದಿನದ ಕೆಲಸ ಮುಗಿಯಿತು, ಮತ್ತೆ ಹೊರಗೆ ಒಯ್ಯಬೇಡಿ. ಟ್ರ್ಯಾಕ್ ಬಲಸುತ್ತಾಗಿದ್ದರೆ ಬಲಬದಿ ಮೊದಲು ಹೋಗುತ್ತದೆ, ಹಾಗಾಗಿ ಎರಡೂ ಬದಿ ಬೇರೆ ಬೇರೆಯಾಗಿ ನೋಡಿ.

ಗ್ರಿಪ್ ಜಾಸ್ತಿಯಾದರೆ ಬ್ರೇಕೂ ಜೋರಾಗಿ ಹಿಡಿಯುತ್ತೀರಿ, ಮುಂದಿನ ಫೋರ್ಕ್ ಮೊದಲಿಗಿಂತ ಆಳಕ್ಕೆ ಇಳಿಯುತ್ತದೆ. ಫೋರ್ಕ್ ಕೊಳವೆಗೆ ಒಂದು ಕೇಬಲ್ ಟೈ ಕಟ್ಟಿ, ಎಷ್ಟು ಕೆಳಗೆ ಹೋಯಿತು ಅಂತ ಅದೇ ತೋರಿಸುತ್ತದೆ. ಪೂರ್ತಿ ತಳ ಮುಟ್ಟುತ್ತಿದ್ದರೆ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಮಾಣ, ಸ್ವಲ್ಪ ಏರಿಸಿ. ನಮ್ಮ ಸಣ್ಣ ಬೈಕುಗಳಲ್ಲಿ ಮುಂದೆ ಅಡ್ಜಸ್ಟರ್ರೇ ಇರಲ್ಲ, ಅಂಥವರು ಬ್ರೇಕನ್ನು ಒಮ್ಮೆಲೇ ಹಿಡಿಯದೆ ಹಂತಹಂತವಾಗಿ ಹಿಡಿಯಿರಿ. ಒಂದು ಸೆಷನ್‌ಗೆ ಒಂದೇ ಬದಲಾವಣೆ. ಗಾಳಿಯನ್ನೂ ಸಸ್ಪೆನ್ಷನ್ನನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ತಿಳಿಯಲ್ಲ.

ಬೆಳಗಿನ ಸೆಷನ್ನಿನ ಅಳತೆ ಮಧ್ಯಾಹ್ನಕ್ಕೆ ನಡೆಯಲ್ಲ. ಹೊತ್ತು ಏರಿದ ಹಾಗೆ ಕಪ್ಪು ಡಾಂಬರು ಕಾಯುತ್ತದೆ, ಲೈನ್ ಮೇಲೆ ರಬ್ಬರ್ ಕೂರುತ್ತದೆ, ಗ್ರಿಪ್ ಬದಲಾಗುತ್ತಲೇ ಇರುತ್ತದೆ. ಊಟದ ಹೊತ್ತಿಗೆ ಬೈಕನ್ನು ನೆರಳಿಗೆ ತಂದು, ಟೈರು ಪೂರ್ತಿ ಆರಿದ ಮೇಲೆ ತಣ್ಣಗಿನ ಪ್ರೆಶರ್ ಮತ್ತೆ ನೋಡಿ.

ಮಳೆ ಬಂದರೆ? ಪದರ ಹೋಗದ ಹೊಸ ಡಾಂಬರಿನ ಮೇಲೆ ಮೊದಲ ಮಳೆ ಬಿದ್ದಾಗ ಜಿಡ್ಡು ನೀರಿನ ಜೊತೆ ಮೇಲೆ ಬರುತ್ತದೆ. ಯಾವ ಗಾಳಿ ಅಳತೆಯೂ ಅದಕ್ಕೆ ಔಷಧಿ ಅಲ್ಲ. ದುಡ್ಡು ಕಟ್ಟಿದ್ದೀವಿ ಅಂತ ಹಟ ಹಿಡಿಯಬೇಡಿ, ಆ ಸೆಷನ್ ಬಿಟ್ಟುಬಿಡಿ.

ಸಂಜೆ ಅದೇ ಬೈಕಿನಲ್ಲಿ ಊರಿಗೆ ಹೊರಡೋರು ಟೈರು ತಣ್ಣಗಾದ ಮೇಲೆ ಗಾಳಿಯನ್ನು ಬೈಕಿನ ಪುಸ್ತಕದಲ್ಲಿರುವ ರಸ್ತೆ ಅಳತೆಗೆ ವಾಪಸ್ ತನ್ನಿ. ಬ್ಯಾಗು, ಜಾಕೆಟ್ಟು, ಹಿಂದೆ ಕೂತವರ ಭಾರ ಎಲ್ಲ ಸೇರಿದಾಗ ಟ್ರ್ಯಾಕ್ ಗಾಳಿ ಸಾಲದು. ಅಂಚಿನಲ್ಲಿ ಅಂಟಿಕೊಂಡ ರಬ್ಬರ್ ಚೂರು, ಸಣ್ಣ ಜಲ್ಲಿಯನ್ನೂ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ದಾರಿಯ ಮೊದಲ ತಿರುವಲ್ಲೇ ಬೈಕ್ ಒಂದು ಥರ ಜಾರಿದ ಹಾಗೆ ಅನ್ನಿಸುತ್ತದೆ.